ಅಸಿಟೋನಿಗೆ ಕರಗದ ಅಂಟು

“ಆ ಚಿಲಕಕ್ಕೆ ಕೈ ಹಾಕಬೇಡಿ ಸಾರ್!”

ಕಾದ ಕಾವಲಿ ತಾಗಿದವನಂತೆ ಇನ್‌ಸ್ಪೆಕ್ಟರ್ ಜಯನ್ ಕೈ ಹಿಂದಕ್ಕೆಳೆದುಕೊಂಡ. ಶೈಲಜ ಮುಡಿಯಿಂದ ಹೇರ್‌ಪಿನ್ ತೆಗೆದಳು. ಚಿಲಕದ ಹಿಡಿಯ ಮೇಲೆ ಅಂಟಿದ್ದ ಕಂದು ಜಿಗುಟನ್ನು ಅದರ ತುದಿಯಿಂದ ಮೆಲ್ಲಗೆ ಕೆರೆಯತೊಡಗಿದಳು.

“ಚೇಚಿ, ಬೆರಳಚ್ಚಿನವರು ನಿನ್ನೆಯೇ ನೋಡಿ ಹೋದರು. ಆ ಅಂಟಿನಲ್ಲಿ ಏನೂ ಮೂಡಿಲ್ಲ.”

“ಬೆರಳು ಮೂಡದಿದ್ದರೆ ಏನಾಯ್ತು? ಅಂಟು ಮೂಡಿದೆಯಲ್ಲ.”

ನಿನ್ನೆ ಬೆಳಿಗ್ಗೆ ಈ ದಾಸ್ತಾನು ಕೋಣೆಯ ಬಾಗಿಲು ತೆಗೆದಾಗ ಒಳಗೆ ಕೆಮಿಸ್ಟ್ ಸುಧೀಶ್ ಸತ್ತು ಬಿದ್ದಿದ್ದ. ಮಧ್ಯಾಹ್ನಕ್ಕೆಲ್ಲ ತೊಳೆಯುವ ಶೆಡ್ಡಿನ ಕೆಲಸಗಾರ ವೆಳ್ಳನ್ ಠಾಣೆಯ ಬೆಂಚಿನ ಮೇಲಿದ್ದ. ಇವತ್ತು ಮಧ್ಯಾಹ್ನದೊಳಗೆ ಅವನನ್ನು ಬತ್ತೇರಿಯ ಕೋರ್ಟಿಗೆ ಒಪ್ಪಿಸಬೇಕು. ಒಮ್ಮೆ ರಿಮಾಂಡ್ ಆಯಿತೆಂದರೆ ಹಾಡಿಯ ಆದಿವಾಸಿ ಮನುಷ್ಯನಿಗೆ ಜಾಮೀನು ಕೊಡಿಸುವವರು ಯಾರು? ಅವನ ಹೆಂಡತಿ ಅಮ್ಮಾಳು ನಿನ್ನೆ ಮಧ್ಯಾಹ್ನವೇ ಶೈಲಜಳ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿದ್ದು ಅದೊಂದೇ ಪ್ರಶ್ನೆ.

ಶೈಲಜ ಪೊಲೀಸಳಲ್ಲ. ಅರ್ಧ ಆಯುಸ್ಸು ಎಕ್ಸೈಸ್ ಚೆಕ್‌ಪೋಸ್ಟಿನಲ್ಲಿ ಕಳೆದು ನಿವೃತ್ತಳಾದವಳು. ಈರುಳ್ಳಿ ಲಾರಿಯೊಳಗೆ ಸ್ಪಿರಿಟ್ ಇದೆಯೋ ಇಲ್ಲವೋ ಎಂಬುದನ್ನು ಡ್ರೈವರ್ ಬೀಡಿ ಹಚ್ಚಲು ಎಷ್ಟು ದೂರ ಹೋಗುತ್ತಾನೆ ಎಂದು ನೋಡಿಯೇ ಹೇಳುತ್ತಿದ್ದಳು. ಆಗ ಅದೇ ರಸ್ತೆಯಲ್ಲಿ ಹೊಸ ಎಸ್‌ಐ ಆಗಿದ್ದ ಜಯನ್ ಅವಳನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತ ಅವಳಿಂದ ಚಹಾ ಕುಡಿದವನು, ಬೈಗುಳ ತಿಂದವನು. ಆ ಋಣಕ್ಕೆ ಇವತ್ತು ಒಂದು ಗಂಟೆ ಕೊಟ್ಟಿದ್ದ.

“ಮೋಳೇ, ಎರಡು ಗ್ಲಾಸಿನಲ್ಲಿ ಅಸಿಟೋನ್ ತಾ,” ಎಂದಳು ಶೈಲಜ, ಮಗಳನ್ನು ಕರೆದ ಹಾಗೆ.

ಹತ್ತಿರವೇ ನಿಂತಿದ್ದ ಸ್ನೇಹಾ ಒಳಗೆ ಹೋದಳು. ಈ ಘಟಕದ ಯಜಮಾನ ನೇಮಿಚಂದ್ರ ಗೌಡರ ಮೊಮ್ಮಗಳು. ಲ್ಯಾಬು ಅವಳ ಕೈಯಲ್ಲಿ. ನಿನ್ನೆ ಶೆಡ್ಡಿನ ಉದ್ದಗಲ ಓಡಾಡಿಸಿ, ಬೇಸರಿಸದೆ ಎಲ್ಲ ವಿವರಿಸಿದವಳು ಅವಳೇ.

ಕೆಲಸ ಹೇಳಿಕೊಳ್ಳುವುದಕ್ಕೆ ಸರಳ, ಮಾಡುವುದಕ್ಕೆ ಕಷ್ಟ. ಸೂರ್ಯಕಾಂತಿ ಎಣ್ಣೆಯನ್ನು ಶುದ್ಧ ಮಾಡುವಾಗ ಗಿರಣಿಯವರು ಬೇರ್ಪಡಿಸುವ ಗೊಜ್ಜೇ ಲೆಸಿಥಿನ್. ಹಳೇ ಜೇನಿನ ಹಾಗೆ ಕಂದಾಗಿ, ಜಿಗುಟಾಗಿ, ಗುಂಡ್ಲುಪೇಟೆ ಕಡೆಯಿಂದ ಬ್ಯಾರೆಲುಗಳಲ್ಲಿ ಬರುತ್ತದೆ. ಅದಕ್ಕೆ ಅಸಿಟೋನ್ ಹುಯ್ದು ಕಲಸಿದರೆ ಉಳಿದ ಎಣ್ಣೆಯೆಲ್ಲ ಕರಗಿ ಹಳದಿಯಾಗಿ ಹೊರಬರುತ್ತದೆ. ಫಾಸ್ಫೋಲಿಪಿಡ್ ಎಂಬ ಸಾರ ಮಾತ್ರ ಅಸಿಟೋನಿಗೆ ಜಗ್ಗದೆ ತಳಕ್ಕೆ ಕೂರುತ್ತದೆ. ಬಸಿದು, ಮತ್ತೆ ಹುಯ್ದು, ಹಳದಿ ನಿಲ್ಲುವ ತನಕ ತೊಳೆದು ಒಣಗಿಸಿದರೆ ಪುಡಿ. ಆ ಪುಡಿಯನ್ನು ಸ್ಪಿರಿಟಿನಲ್ಲಿ ಕರಗಿಸಿ, ಕರಗದ್ದನ್ನು ಬಿಟ್ಟು, ಗಾಜಿನ ಕಂಬದಂಥ ಕೊಳವೆಯಲ್ಲಿ ಇಳಿಸಿ ಸೋಸಿದ್ದೇ ಕೊನೆಯ ಮಾಲು. ಸೂಜಿಮದ್ದು ಮಾಡುವ ಕಂಪನಿಗೆ ಹೋಗುವುದು ಅದು.

ಆ ಮಾಲಿಗೆ ಗಾಳಿಯೂ ಆಗದು, ತೇವವೂ ಆಗದು. ಅದಕ್ಕೆಂದೇ ಈ ಗಾಳಿಯಾಡದ ಕೋಣೆ. ಸಂಜೆ ಬಾಗಿಲು ಹಾಕಿ, ಹೊರಗಿನ ಸಿಲಿಂಡರಿನಿಂದ ನೈಟ್ರೋಜನ್ ಬಿಡುತ್ತಾರೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಮನುಷ್ಯ ಉಳಿದರೆ ಉಸಿರಾಡುತ್ತಲೇ ಸಾಯುತ್ತಾನೆ.

ಸ್ನೇಹಾ ಗ್ಲಾಸುಗಳನ್ನು ತಂದಿಟ್ಟಳು. ಹೇರ್‌ಪಿನ್ನಿನ ತುದಿಯಲ್ಲಿದ್ದ ಜಿಗುಟನ್ನು ಶೈಲಜ ಒಂದರಲ್ಲಿ ಅದ್ದಿ ಕಲಕಿದಳು.

ಅಂಟು ಬಿಳಿಚಿ ಗಟ್ಟಿಯಾಯಿತು, ತಳಕ್ಕಿಳಿಯಿತು. ಮೇಲಿನ ಅಸಿಟೋನ್ ಕಣ್ಣೀರಿನಷ್ಟು ತಿಳಿಯಾಗಿಯೇ ಉಳಿಯಿತು.

“ಹಳದಿ ಬಂತಾ?”

“ಇಲ್ಲ,” ಎಂದ ಜಯನ್.

“ಇನ್ನು ಇದು ನೋಡಿ.” ಅವಳು ಅದೇ ಜಾಗದಲ್ಲಿ ಆಳಕ್ಕೆ, ಕಬ್ಬಿಣ ಕಾಣುವವರೆಗೆ ಕೆರೆದು ಇನ್ನೊಂದು ಗ್ಲಾಸಿಗೆ ಹಾಕಿದಳು. ಹಾಕಿದ್ದೇ ತಡ, ಅರಿಸಿನದ ನೀರಿನಂತೆ ಹಳದಿ ಎಳೆ ಬಿಟ್ಟಿತು.

ಜಯನ್ ಚಪ್ಪಾಳೆ ತಟ್ಟುವುದೊಂದು ಬಾಕಿ. “ಅದೇ! ಅದು ತೊಳೆಯದ ಗೊಜ್ಜು. ಅದನ್ನು ಮುಟ್ಟುವವನು ವೆಳ್ಳನ್ ಒಬ್ಬನೇ.”

“ಹೌದು. ಅವನು ದಿನಾ ಹಾಕಿ ತೆಗೆಯುವ ಚಿಲಕ ಇದು, ಅವನ ಕೈ ಅಂಟದೆ ಮತ್ತ್ಯಾರದು ಅಂಟಬೇಕು? ಆದರೆ ಅದು ಅಡಿಯಲ್ಲಿದೆ ಸಾರ್. ದೋಸೆಯ ಮೇಲೆ ಬೆಣ್ಣೆ ಇದ್ದರೆ ಮೊದಲು ಹಾಕಿದ್ದು ಯಾವುದು? ಮೇಲಿರುವುದು ಎಣ್ಣೆ ತೆಗೆದ ಪುಡಿ. ಬೆವರಿನ ಕೈಗೆ ತಾಗಿ ಅಂಟಾಗಿದೆ. ಚಿಲಕ ಮುಟ್ಟಿದ ಕೊನೆಯ ಕೈ ವೆಳ್ಳನದಲ್ಲ.”

“ನಿನ್ನೆ ಬೆಳಿಗ್ಗೆ ತೆಗೆದವರದು?”

“ಅಂಟು ಹಿಡಿದು ಚಿಲಕ ಏಳದೆ ಸುತ್ತಿಗೆಯಲ್ಲಿ ಬಡಿದು ತೆಗೆದರು ಅಂತ ನೀವೇ ಬರೆಸಿದ್ದೀರಿ.”

ಜಯನ್ ಗಲ್ಲ ಕೆರೆದುಕೊಂಡ. “ಸುಧೀಶನದೇ ಇರಬಹುದು.”

“ಒಳಗೆ ಬಿದ್ದವನು ಹೊರಗಿನ ಚಿಲಕ ಹಾಕಿಕೊಂಡನಾ?”

ಪುಡಿಯ ಡ್ರಮ್ಮುಗಳಿಗೆ ಬೀಗವಿದೆ. ಕೀಲಿಗಳು ಮೂರು. ಒಂದು ಸುಧೀಶನ ಜೇಬಿನಲ್ಲೇ ಸಿಕ್ಕಿತ್ತು. ಒಂದು ಗೌಡರ ಸೊಂಟದಲ್ಲಿ, ಇನ್ನೊಂದು ಸ್ನೇಹಾಳ ಹತ್ತಿರ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಶೈಲಜ ಮೇಲಿನ ಪದರದಿಂದ ಇನ್ನಷ್ಟು ಕೆರೆದಳು. “ಸ್ವಲ್ಪ ಸ್ಪಿರಿಟ್ ಕೊಡು ಮೋಳೇ. ನನ್ನ ಹಳೇ ಸ್ನೇಹಿತ.”

ಸ್ನೇಹಾ ಈ ಸಲ ತಡ ಮಾಡಿದಳು. ತಂದ ಸ್ಪಿರಿಟಿಗೆ ಅಂಟನ್ನು ಹಾಕಿ, ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಶೈಲಜ ತುಂಬಾ ಹೊತ್ತು ಕಲಕಿದಳು. ಅಕ್ಕಿ ತೊಳೆದ ನೀರಿನ ಹಾಗೆ ಕದಡಿತೇ ಹೊರತು ತಿಳಿಯಾಗಲಿಲ್ಲ. ತಳದಲ್ಲಿ ಗಸಿ ಕೂತಿತು.

“ಈ ಕೋಣೆಯ ಮಾಲು ಸ್ಪಿರಿಟಿನಲ್ಲಿ ಪೂರ್ತಿ ಕರಗಬೇಕು ಅಂತ ನೀನೇ ನಿನ್ನೆ ಹೇಳಿದ್ದೆ, ಅಲ್ವಾ?”

“ಮಂಜಿನ ತೇವ ಸೇರಿದೆ ಆಂಟಿ. ಕಬ್ಬಿಣದ ತುಕ್ಕೂ ಇರುತ್ತೆ,” ಎಂದಳು ಸ್ನೇಹಾ. ದನಿ ಸಮವಾಗಿತ್ತು. ಆದರೆ ಕಣ್ಣು ಗ್ಲಾಸಿನ ಮೇಲಿರಲಿಲ್ಲ, ಅಂಗಳದಾಚೆಯ ಮನೆಯ ಮೇಲಿತ್ತು.

ಇರಬಹುದು. ಇಲ್ಲವೇ ಬರೀ ಅಸಿಟೋನಿನಲ್ಲಿ ತೊಳೆದ ಪುಡಿಯನ್ನೇ, ಕೊಳವೆಯಲ್ಲಿ ಇಳಿಸಿದ ಶುದ್ಧ ಮಾಲು ಎಂದು ಯಾರೋ ಡ್ರಮ್ಮಿಗೆ ತುಂಬುತ್ತಿರಬಹುದು. ಅದು ಸೂಜಿಯಲ್ಲಿ ರೋಗಿಯ ರಕ್ತಕ್ಕೆ ಹೋಗುವ ವಸ್ತು. ಅದನ್ನು ಕಂಡುಹಿಡಿಯಬಲ್ಲ ಕೆಮಿಸ್ಟ್ ಈಗ ಶವಾಗಾರದಲ್ಲಿದ್ದ.

ಶೈಲಜ ಮೂರು ಗ್ಲಾಸುಗಳನ್ನೂ ಜಯನ್ ಕೈಗೆ ದಾಟಿಸಿದಳು. “ಮೊಹರು ಮಾಡಿಸಿ. ವೆಳ್ಳನ್ ಏನಂತಾನೆ?”

“ಮುಟ್ಟಿಲ್ಲ, ಗೊತ್ತಿಲ್ಲ. ಎರಡೇ ಮಾತು. ಇನ್ನೊಮ್ಮೆ ಕೇಳಿ ನೋಡ್ತೀನಿ. ಆದರೆ ಚೇಚಿ, ದೋಸೆ ಬೆಣ್ಣೆ ಕಥೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಲ್ಲ. ನನಗೊಂದು ಸಾಕ್ಷಿ ಬೇಕು. ಎರಡು ಕಾಲಿನದು.”

ಜೀಪು ಹೋಯಿತು.

ಹೊರಡುವ ಮುಂಚೆ ಶೈಲಜ ತೊಳೆಯುವ ತೊಟ್ಟಿಗಳ ಸಾಲನ್ನು ಮತ್ತೊಮ್ಮೆ ನೋಡಿದಳು. ಎಲ್ಲಕ್ಕೂ ಸ್ಟೀಲಿನ ಮುಚ್ಚಳ, ತಿರುಗಿಸಿ ಬಿಗಿಯುವ ಹಿಡಿ. ಕೊನೆಯದಕ್ಕೆ ಮಾತ್ರ ಬಿಳಿ ಬಟ್ಟೆ. ಎರಡು ಮಡಿಕೆ ಮಾಡಿ, ತೊಟ್ಟಿಯ ಕಂಠಕ್ಕೆ ಹುರಿಯಿಂದ ಕಟ್ಟಿದ್ದರು. ಒಳಗಿನ ಅಸಿಟೋನ್ ಮುಕ್ಕಾಲು ಪಾಲು ಹಾರಿಹೋಗಿತ್ತು. ಪೊಲೀಸರು ಇದನ್ನು ಹಾಯ್ದು ಹೋಗಿದ್ದರು, ಅವಳೂ ನಿನ್ನೆ ಹಾಯ್ದು ಹೋಗಿದ್ದಳು.

ಈ ಶೆಡ್ಡಿನಲ್ಲಿ ಒಂದು ವಾರ ದುಡಿದವನೂ ಅಸಿಟೋನಿಗೆ ಬಟ್ಟೆ ಕಟ್ಟುವುದಿಲ್ಲ. ಕಟ್ಟಿದವರಿಗೆ ಅಸಿಟೋನ್ ಹಾರಿಹೋಗುವ ಚಿಂತೆಯಿರಲಿಲ್ಲ. ದೀಪದ ಬೆಳಕಿಗೆ ಬಂದ ಹುಳುಹುಪ್ಪಟೆ ಒಳಗೆ ಬೀಳಬಾರದು, ಅಷ್ಟೇ. ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಒಂದು ಲೋಟ ನೀರನ್ನೂ ಕುಡಿಯದ, ಗೌಡರ ಜೈನ ಮನೆಯ ಅಭ್ಯಾಸ ಅದು.

ಒಬ್ಬ ಮನುಷ್ಯನನ್ನು ಕೊಂದು, ಹುಳು ಸಾಯಬಾರದೆಂದು ಬಟ್ಟೆ ಕಟ್ಟಿದ ಕೈ!

ಗೇಟಿನ ಹತ್ತಿರ ಅಮ್ಮಾಳು ಎದ್ದು ನಿಂತಳು. ಕೈಯಲ್ಲಿ ಒಗೆದು ಮಡಿಸಿ ಗಂಟು ಕಟ್ಟಿದ ಅಂಗಿ, ಬಾಳೆಲೆಯಲ್ಲಿ ಕಟ್ಟಿದ ಬೇಯಿಸಿದ ಮರಗೆಣಸು.

“ಕೋರ್ಟಿಗೆ ಒಳ್ಳೆ ಅಂಗಿ ಬೇಕಲ್ಲಾ ಚೇಚಿ. ಅವರು ಉಟ್ಟದ್ದರಲ್ಲೇ ಹೋದರು.”

“ಆ ದಿನ ಶೆಡ್ಡಿನ ಪಣಿ ಮುಗಿಸಿ ಮನೆಗೆ ಬಂದಾಗ ಹೇಗಿದ್ದ?”

ಅಮ್ಮಾಳು ನೆಲ ನೋಡಿದಳು. “ಕೈ ತೊಳಕೊಂಡು ಕೂತ್ರು. ಅನ್ನ ಹಾಕ್ದೆ. ಮತ್ತೆ ಎದ್ದು ಹೋಗಿ ಕೈ ತೊಳಕೊಂಡ್ರು. ತಿನ್ನಲೇ ಇಲ್ಲ.” ಅಂಗಿಯ ಗಂಟನ್ನು ಬಿಗಿಮಾಡುತ್ತ, “ಅವರಿಗೆ ಕೋಪ ಬರೋದು ಗೆಣಸು ಅಗೆಯೋ ಹಂದಿ ಮೇಲೆ ಒಂದೇ ಚೇಚಿ. ಅದನ್ನೂ ಬೈದು ಓಡಿಸ್ತಾರೆ, ಹೊಡೆಯಲ್ಲ. ಮನುಷ್ಯನ್ನ ಕೊಲ್ತಾರಾ?”

“ಕೊಲ್ಲಲ್ಲ. ನೀನು ಮೊದಲು ಆ ಗೆಣಸು ತಿನ್ನು. ಅವನಿಗೆ ನಾನು ಕೊಡಿಸ್ತೀನಿ,” ಎಂದು ಶೈಲಜ ಅಂಗಿಯ ಗಂಟು ಇಸಕೊಂಡಳು. ಎರಡು ಸಲ ಕೈ ತೊಳೆದ ಮಾತು ಅವಳಿಗೆ ಹಿಡಿಸಲಿಲ್ಲ.

ಗೌಡರ ಮನೆಯ ಅಡಿಗೆಮನೆಯಲ್ಲಿ ಕಮಲಾವತಿ ಹೆಸರುಬೇಳೆ ಆರಿಸುತ್ತಿದ್ದರು. ನೇಮಿಚಂದ್ರ ಗೌಡರ ಹೆಂಡತಿ. ಎಪ್ಪತ್ತರ ಹತ್ತಿರದ, ನೇರ ಬೆನ್ನಿನ ಹೆಂಗಸು.

“ಬಾ ಪತ್ತೇದಾರಿ. ಒಲೆಯೊಳಗೆ ಹುಡುಕೋದು ಬಾಕಿ ಇತ್ತಾ?”

“ಒಲೆಯಲ್ಲಲ್ಲ ಕಮಲಕ್ಕ, ನಲ್ಲಿಯಲ್ಲಿ.” ಶೈಲಜ ನಲ್ಲಿಗೆ ಕಟ್ಟಿದ ಸೋಸುಬಟ್ಟೆಯನ್ನು ಬೆರಳಲ್ಲಿ ಹಿಡಿದಳು. ಗಂಜಿ ಬಿಡದ ಹೊಸ ಬಟ್ಟೆ. “ಹಳೇದು ಎಲ್ಲಿ?”

“ಹರೀತು.”

“ಹರಿದಿಲ್ಲ. ಕೊನೇ ತೊಟ್ಟಿಗೆ ಕಟ್ಟಿದೆ. ನಿಮ್ಮದೇ ಗಂಟು.”

ಬೇಳೆಯಲ್ಲಿ ಓಡಾಡುತ್ತಿದ್ದ ಬೆರಳು ನಿಂತಿತು.

“ಬಟ್ಟೆ ಕಟ್ಟೋದು ಯಾವ ಕಾನೂನಲ್ಲಿ ತಪ್ಪು?”

“ತಪ್ಪಲ್ಲ. ಆ ಸಂಜೆ ನೀವು ಶೆಡ್ಡಿಗೆ ಕಾಲೇ ಇಟ್ಟಿಲ್ಲ ಅಂತ ಪೊಲೀಸರಿಗೆ ಹೇಳಿದ್ದೀರಲ್ಲ, ಅದು ತಪ್ಪು.”

“ನಾನು ಕೊಂದೆ ಅಂತೀಯಾ? ಇರುವೆ ಕಂಡರೆ ಸಕ್ಕರೆ ಡಬ್ಬಿ ಬಿಟ್ಟುಕೊಡೋಳು ನಾನು!”

“ನೀವು ಕೊಂದಿಲ್ಲ ಅನ್ನೋದಕ್ಕೆ ಆ ಬಟ್ಟೆಯೇ ಸಾಕ್ಷಿ ಅಂತ ನಂಬೋದಕ್ಕೆ ನನಗೂ ಆಸೆ. ಆದರೆ ಸುಧೀಶನ ಸಾವಿಗೆ ಹತ್ತಡಿ ದೂರದಲ್ಲಿ ನೀವು ನಿಂತಿದ್ದಿರಿ. ಏನು ಕಂಡಿರಿ?”

“ದೀಪದ ಹುಳು ಕಂಡೆ.”

“ಕಮಲಕ್ಕ.”

“ಏನು ಕಮಲಕ್ಕ? ಬಾಯಿ ಬಿಟ್ಟರೆ ಒಂದು ಮನೆ ಮುಳುಗುತ್ತೆ.”

“ಬಿಡದಿದ್ದರೂ ಒಂದು ಮನೆ ಮುಳುಗುತ್ತೆ. ಅದು ಸಣ್ಣ ಮನೆ, ಮುಳುಗಿದರೆ ಸದ್ದಾಗಲ್ಲ, ಅಷ್ಟೇ.” ಶೈಲಜ ಅಂಗಿಯ ಗಂಟನ್ನು ಬೇಳೆಯ ಮೊರದ ಪಕ್ಕದಲ್ಲಿಟ್ಟಳು. “ವೆಳ್ಳನಿಗೆ ಕೋರ್ಟಿನಲ್ಲಿ ಹಾಕೋಕೆ ಅಮ್ಮಾಳು ಒಗೆದು ತಂದಿದ್ದಾಳೆ. ನಿಮ್ಮ ಗೇಟಿನ ಹತ್ತಿರ ಕೂತಿದ್ದಾಳೆ. ನೀವೇ ಹೋಗಿ ಅವಳಿಗೆ ಹೇಳಿ, ದೀಪದ ಹುಳು ಕಂಡೆ ಅಂತ.”

ಕಮಲಾವತಿ ಉತ್ತರಿಸುವಷ್ಟರಲ್ಲಿ ಶೈಲಜಳ ಫೋನು ಗುಂಯ್‌ಗುಟ್ಟಿತು. ಜಯನ್.

“ನಿಮ್ಮ ಗ್ಲಾಸುಗಳನ್ನು ಚೆಲ್ಲಿಬಿಡಬಹುದು ಚೇಚಿ,” ಎಂದ. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. “ವೆಳ್ಳನ್ ಒಪ್ಪಿಕೊಂಡ. ಚಿಲಕ ಹಾಕಿದ್ದೂ ತಾನೇ, ಗ್ಯಾಸ್ ಬಿಟ್ಟಿದ್ದೂ ತಾನೇ. ನಾವು ಗದರಲಿಲ್ಲ, ಆಣೆಗೂ. ಕೇಳಿದೆ, ಅತ್ತ, ಹೇಳಿದ.”

“ಒಳಗೆ ಸುಧೀಶ್ ಇದ್ದದ್ದು ಗೊತ್ತಿತ್ತಾ?”

“ಒಳಗೆ ಯಾರೂ ಇಲ್ಲ, ಹಾಕು ಅಂದರಂತೆ. ಹಾಕಿ ಮನೆಗೆ ಹೋದನಂತೆ. ಅಂದವರು ಯಾರು ಅಂದರೆ ಬಾಯಿಗೆ ಬೀಗ. ಅನ್ನ ಕೊಟ್ಟವರ ಹೆಸರು ಹೇಳಲ್ಲ ಅಂತಾನೆ. ನಾನು ಹೊರಡ್ತಾ ಇದ್ದೀನಿ, ಇನ್ನು ಕಾಯೋಕಾಗಲ್ಲ.”

ಫೋನಿನ ದನಿ ದೊಡ್ಡದು. ಕಮಲಾವತಿಗೆ ಪ್ರತಿ ಮಾತೂ ಕೇಳಿಸಿತ್ತು. ಅವರು ಮೊರವನ್ನು ಬದಿಗೆ ಸರಿಸಿದರು. ಸರಿಸುವಾಗ ಅರ್ಧ ಬೇಳೆ ನೆಲಕ್ಕೆ ಚೆಲ್ಲಿತು, ನೋಡಲಿಲ್ಲ.

“ಅವನು ಹಾಕಿದ್ದು ನಿಜ,” ಎಂದರು.

“ಏನಂದ್ರಿ?”

“ಅವನು ಹಾಕಿದ ಚಿಲಕವನ್ನ ನಾನು ತೆಗೆದೆ.”

ಶೈಲಜ ಮೊರದ ಪಕ್ಕ ನೆಲದ ಮೇಲೇ ಕೂತಳು.

“ಸ್ನೇಹಾಳನ್ನ ಊಟಕ್ಕೆ ಕರೆಯೋಕೆ ಹೋಗಿದ್ದೆ. ಹೊತ್ತು ಮುಳುಗಿದರೆ ನಮ್ಮಲ್ಲಿ ಊಟ ಇಲ್ಲ, ಗೊತ್ತಲ್ಲ ನಿನಗೆ. ಶೆಡ್ಡಲ್ಲಿ ಯಾರೂ ಇರಲಿಲ್ಲ. ಆ ಬಾಗಿಲು ದಡದಡ ಅಂತಿತ್ತು. ತೆಗೆದೆ. ಸುಧೀಶ ನನ್ನ ಮೇಲೇ ಬಿದ್ದ. ಮುಖದಲ್ಲಿ ರಕ್ತ ಇಲ್ಲ. ಅವನೇ ತೆವಳಿ ಹೋಗಿ ಗ್ಯಾಸ್ ನಿಲ್ಲಿಸಿದ. ನೀರು ಕೊಟ್ಟೆ, ಕುಡಿದ.”

“ಆಮೇಲೆ?”

“ತೊಟ್ಟಿ ತೆರೆದಿತ್ತು. ಹುಳು ಬೀಳ್ತಿತ್ತು. ಆ ಸ್ಟೀಲಿನ ಮುಚ್ಚಳ ನನ್ನ ಕೈಲಿ ಏಳಲಿಲ್ಲ, ಅವನಿಗೆ ಎತ್ತೋ ಶಕ್ತಿ ಇಲ್ಲ. ಇಲ್ಲಿಂದ ಬಟ್ಟೆ ಒಯ್ದು ಕಟ್ಟಿದೆ. ಅವನು ನಕ್ಕ ಕಣೆ. ಅಮ್ಮಾ, ಅಸಿಟೋನ್ ಹಾರಿಹೋಗುತ್ತೆ ಅಂದ. ಹಾರಿಹೋಗಲಿ, ಜೀವ ಹೋಗೋದು ಬೇಡ ಅಂದೆ.” ಕಮಲಾವತಿ ಸೆರಗಿನಿಂದ ಬಾಯಿ ಒತ್ತಿಕೊಂಡರು. “ಅವನು ಬದುಕಿದ್ದ ಶೈಲಜಾ. ನಾನು ಹೊರಡುವಾಗ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕ್ಕೊತಿದ್ದ.”

ಶೈಲಜಳ ತಲೆಯಲ್ಲಿ ಚಿಲಕದ ಎರಡು ಪದರಗಳು ಒಂದರ ಮೇಲೊಂದು ತಾವಾಗಿಯೇ ಕೂತವು. ಅಡಿಯಲ್ಲಿ ವೆಳ್ಳನ ಗೊಜ್ಜು. ನಡುವೆ ಈ ಹೆಂಗಸಿನ ತೊಳೆದ ಕೈ, ಗುರುತಿಲ್ಲದ್ದು. ಮೇಲೆ ಪುಡಿಯ ಅಂಟು. ಬಾಗಿಲು ಒಂದಲ್ಲ, ಎರಡು ಸಲ ಮುಚ್ಚಿತ್ತು. ಮೊದಲ ಸಲ ತಪ್ಪಿಸಿಕೊಂಡವನನ್ನು ಯಾರೋ ಎರಡನೆಯ ಸಲ ಒಳಗೆ ಹಾಕಿದ್ದರು.

“ಅವನು ನಿಮಗೆ ಏನಾದರೂ ಹೇಳಿದನಾ?”

“ನಾಳೆ ಕಂಪನಿಗೆ ಫೋನ್ ಮಾಡ್ತೀನಿ, ಈ ಮಾಲು ಹೋಗಬಾರದು ಅಂದ. ನನಗೇನು ಅರ್ಥವಾಗುತ್ತೆ? ಮನೆಗೆ ಬಂದೆ. ಸುಧೀಶ ಒಳಗೆ ಸಿಕ್ಕಿಕೊಂಡಿದ್ದ, ಪುಣ್ಯಕ್ಕೆ ಬಿಡಿಸಿದೆ, ಹೀಗೆ ಹೀಗೆ ಹೇಳ್ತಿದ್ದಾನೆ ಅಂದೆ. ಅಷ್ಟೇ ಅಂದದ್ದು. ಒಬ್ಬರಿಗೇ.”

“ಯಾರಿಗೆ?”

ಕಮಲಾವತಿ ಎದ್ದರು. ಒಲೆ ಆರಿಸಿದರು. ಅಮ್ಮಾಳುವಿನ ಗಂಟನ್ನು ತಾವೇ ಎತ್ತಿಕೊಂಡರು.

“ಆ ಹೆಸರನ್ನ ಈ ಮನೆಯೊಳಗೆ ನಿಂತು ಹೇಳಲಾರೆ. ಹೇಳೋ ಕಡೆ ಕರಕೊಂಡು ಹೋಗು. ಮೊದಲು ಆ ವೆಳ್ಳನ್ನ ಬಿಡಿಸೋಣ.”

ಇಬ್ಬರೂ ಜಗಲಿಗೆ ಬಂದರು. ನೇಮಿಚಂದ್ರ ಗೌಡರು ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಲ್ಯಾಬಿನ ಕಡೆಯಿಂದ ಸ್ನೇಹಾ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು.

“ಎಲ್ಲಿಗೆ ಹೊರಟೆ, ಅಡಿಗೆ ಬಿಟ್ಟು?” ಗೌಡರು ಕನ್ನಡಕ ಮೇಲೆತ್ತಿದರು.

“ಬತ್ತೇರಿಗೆ,” ಎಂದರು ಕಮಲಾವತಿ.

ಗೌಡರು ಪೇಪರು ಮಡಿಸಿದರು.

“ಬಾ, ನಾನು ಬಿಡ್ತೀನಿ,” ಎಂದರು ಗೌಡರು, ಏಳುತ್ತ.

“ನೀವು ಕೂತ್ಕೊಳ್ಳಿ ಅಜ್ಜ, ಅಜ್ಜಿನ ನಾನು ಬಿಡ್ತೀನಿ,” ಎಂದಳು ಸ್ನೇಹಾ, ಅದೇ ಉಸಿರಿನಲ್ಲಿ.

ಕಮಲಾವತಿಯ ಬೆರಳುಗಳು ಶೈಲಜಳ ಮಣಿಕಟ್ಟನ್ನು ಹಿಡಿದವು, ಉಗುರು ಇಳಿಯುವ ಹಾಗೆ. ಆದರೆ ಎರಡು ದನಿಗಳೂ ಒಟ್ಟಿಗೇ ಬಂದಿದ್ದವು. ಆ ಹಿಡಿತ ಯಾವ ದನಿಗೆ ಬಿಗಿಯಾಯಿತೆಂದು ಶೈಲಜಳಿಗೆ ತಿಳಿಯಲಿಲ್ಲ.

“ನಾನು ಶೈಲಜಳ ಸ್ಕೂಟರಲ್ಲೇ ಹೋಗ್ತೀನಿ,” ಎಂದರು ಕಮಲಾವತಿ. ಜನ್ಮದಲ್ಲಿ ಸ್ಕೂಟರ್ ಹತ್ತದ ಹೆಂಗಸು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಶೈಲಜಳ ಹಿಂದೆ ಹತ್ತಿ ಕೂತರು.

ಗೇಟಿನಲ್ಲಿ ಅಮ್ಮಾಳು ಬಾಯಿ ಬಿಟ್ಟು ನೋಡಿದಳು. “ಬಸ್ಸಿಗೆ ಬಾ, ಕೋರ್ಟಿನ ಬಾಗಿಲಲ್ಲಿ ಸಿಗು!” ಎಂದು ಕೂಗಿ ಶೈಲಜ ಗೇರು ಹಾಕದೆಯೇ ತನ್ನ ಹಳೇ ಸ್ಕೂಟರನ್ನು ಇಳಿಜಾರಿಗೆ ಬಿಟ್ಟಳು. ಕಾಫಿ ತೋಟದ ನಡುವೆ ಕೇಣಿಚಿರದ ಟಾರು ರಸ್ತೆಗೆ ಇನ್ನೂ ಎರಡು ತಿರುವು. ಮಂಜು ಪೂರ್ತಿ ಎದ್ದಿರಲಿಲ್ಲ.

“ಈಗ ಹೇಳಿ ಕಮಲಕ್ಕ. ಯಾರಿಗೆ ಹೇಳಿದಿರಿ?”

ಕಿವಿಯ ಹತ್ತಿರ ಬಂದ ಉತ್ತರ ಹೆಸರಾಗಿರಲಿಲ್ಲ.

“ಹಿಂದೆ ತಿರುಗಬೇಡ. ಜೋರಾಗಿ ಓಡಿಸು.”

ಶೈಲಜ ಕನ್ನಡಿ ನೋಡಿದಳು. ಗೌಡರ ಮನೆಯ ಬಿಳಿ ಜೀಪು ಹಾರ್ನ್ ಮಾಡದೆ, ದೀಪ ಹಾಕದೆ, ಅವರ ಹಿಂದೆಯೇ ಇಳಿಯುತ್ತಿತ್ತು. ಗಾಜಿನ ಮೇಲೆಲ್ಲ ಮಂಜು ಕೂತಿತ್ತು. ಸ್ಟೀರಿಂಗ್ ಹಿಡಿದದ್ದು ಗೌಡರೋ ಸ್ನೇಹಾಳೋ, ಮುಖ ಕಾಣಲಿಲ್ಲ.